ಎರಡು ಸಲ ಉಪ್ಪು ಬಿದ್ದ ಭಜ್ಜಿ

ನನಗೆ ಬೆಂಕಿ ತಗುಲಿದ್ದು ನನ್ನದೇ ಸೆರಗಿನಿಂದ, ನನ್ನದೇ ಅಡುಗೆಮನೆಯಲ್ಲಿ, ಹಾಡುಹಗಲಲ್ಲಿ. ಈ ಮಾತನ್ನು ನಾನು ಎಷ್ಟು ಜನರ ಮುಂದೆ ಹೇಳಿದ್ದೇನೆಂದರೆ, ಈಗ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ತಡವರಿಸದೆ ಒಪ್ಪಿಸಬಲ್ಲೆ. ರೊಟ್ಟಿ ಬೇಯಿಸುತ್ತಿದ್ದೆ. ಒಲೆಯ ಹಿಂದಿನ ಕಟ್ಟೆಯ ಮೇಲಿದ್ದ ಹಿಟ್ಟಿನ ಡಬ್ಬಿಗೆ ಕೈ ಚಾಚಿದೆ. ಉಟ್ಟಿದ್ದು ಸಿಂಥೆಟಿಕ್ ಸೀರೆ, ಒಗೆದರೆ ಇಸ್ತ್ರಿ ಬೇಡ ಅಂತ ಹಿರಿಹಿರಿ ಹಿಗ್ಗಿ ಕೊಂಡಿದ್ದು. ಇಸ್ತ್ರಿ ಬೇಡ ಎನ್ನುವುದೇನೋ ನಿಜವೇ. ಕಿಡಿ ತಗುಲಿದರೆ ಅದು ಕರಗಿ ಮೈಗೆ ಅಂಟಿಕೊಂಡು ಉರಿಯುತ್ತದೆ ಎಂಬುದನ್ನು ಅಂಗಡಿಯವನು ಹೇಳಿರಲಿಲ್ಲ.

ಬಲಗೈ, ಬಲಭುಜ, ಕುತ್ತಿಗೆ, ಅರ್ಧ ಕೆನ್ನೆ. ಇನ್ನೂ ಹೆಚ್ಚು ಬೇಯದಂತೆ ಆರಿಸಿದವರು ನನ್ನ ಅತ್ತೆ. ಬಾಲ್ಕನಿಯಲ್ಲಿ ಬಿಸಿಲಿಗೆ ಹಾಕಿದ್ದ ಕೌದಿಯನ್ನು ಎಳೆದು ತಂದು, ನನಗೆ ಸುತ್ತಿ, ನೆಲಕ್ಕೆ ಕೆಡವಿ, ಮೇಲೆ ತಾವೇ ಬಿದ್ದುಕೊಂಡರು. ಮೊಣಕಾಲು ನೋವು ಎಂದು ತರಕಾರಿಯವನನ್ನು ಮೂರನೆಯ ಮಹಡಿಗೆ ಹತ್ತಿಸುತ್ತಿದ್ದ ಹೆಂಗಸು ಆ ಹೊತ್ತಿನಲ್ಲಿ ಎಲ್ಲಿಂದ ಅಷ್ಟು ಬಲ ತಂದರೋ, ಇವತ್ತಿಗೂ ನನಗೆ ತಿಳಿದಿಲ್ಲ. ಬಡಿದು ಬಡಿದು ಆರಿಸುವಾಗ ಅವರ ಎರಡೂ ಅಂಗೈ ಬೆಂದವು. ನಡೆದದ್ದು ಇಷ್ಟೇ. ಇಷ್ಟನ್ನು ಯಾರೂ ನಂಬಲಿಲ್ಲ.

ನಂಬದಿರಲು ಕಾರಣವಿತ್ತು. ಅದನ್ನು ನಾವಿಬ್ಬರೇ ವರ್ಷಗಟ್ಟಲೆ ದುಡಿದು ಸಂಪಾದಿಸಿದ್ದೆವು. ಹೈದರಾಬಾದಿನ ಕುಷಾಯಿಗೂಡದ ನಮ್ಮ ಗಲ್ಲಿಯಲ್ಲಿ ನಾನೂ ಅತ್ತೆಯೂ ಜಗಳಕ್ಕೆ ಹೆಸರುವಾಸಿ. ಕೊತ್ತಂಬರಿ ದಂಟು ಬಿಸಾಡಬೇಕೋ ಬೇಡವೋ, ಫ್ಯಾನು ಎರಡರ ಮೇಲಿರಬೇಕೋ ಮೂರರ ಮೇಲೋ, ಬಂದ ನೆಂಟರಿಗೆ ಚಹಾ ಮೊದಲೋ ಅವಲಕ್ಕಿ ಮೊದಲೋ, ಯಾವುದನ್ನೂ ನಾವು ತೆಪ್ಪಗೆ ತೀರ್ಮಾನಿಸಿದವರಲ್ಲ. ವಿಜಯಪುರ ಜಿಲ್ಲೆಯಿಂದ ಬಂದ ಗಂಟಲುಗಳು, ಅದಕ್ಕೆ ತಕ್ಕಂತೆ ಕಿಟಕಿಗಳೂ ಸದಾ ತೆರೆದೇ ಇರುತ್ತಿದ್ದವು. ಕೆಳಗಿನ ಮನೆಯ ತೆಲುಗು ಅಜ್ಜಿ ನಮ್ಮ ಜಗಳ ಶುರುವಾದರೆ ಟೀವಿಯ ಸೌಂಡು ಕಡಿಮೆ ಮಾಡುತ್ತಿದ್ದರು. ಕನ್ನಡದಲ್ಲಿ ಅವರು ಕಲಿತ ಮೊದಲ ಮಾತು, ನನ್ನ ಅತ್ತೆ ನನಗೆ ಬೈಯುತ್ತಿದ್ದ ‘ಹುಚ್ಚಖೋಡಿ’. ಅದನ್ನು ಅವರು ತಮ್ಮ ಮೊಮ್ಮಗಳಿಗೆ ಪ್ರೀತಿಯಿಂದ ಬಳಸುತ್ತಿದ್ದರು.

ಇಂಥ ಮನೆಯ ಸೊಸೆ ಸುಟ್ಟುಕೊಂಡು ಆಸ್ಪತ್ರೆ ಸೇರಿದರೆ ಜನ ಏನು ಅಂದುಕೊಳ್ಳಬೇಕು? ಆಸ್ಪತ್ರೆಯಲ್ಲಿ ಮಹಿಳಾ ಪೊಲೀಸರೊಬ್ಬರು ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು. “ಭಯಪಡಕಮ್ಮಾ. ಎವರು ಚೇಶಾರು?” ಹೆದರಬೇಡ, ಯಾರು ಮಾಡಿದ್ದು ಎಂದು. ಸೀರೆ ಮಾಡಿದ್ದು ಎಂದೆ. ಆಕೆ ನನ್ನತ್ತ ಕನಿಕರದಿಂದ ನೋಡಿ, ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಬೇರೆ ರೀತಿಯಲ್ಲಿ ಕೇಳಿದರು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಕೇಳುವುದು ಆಕೆಯ ಕೆಲಸ, ಮತ್ತು ಎಷ್ಟೋ ಹೆಣ್ಣುಮಕ್ಕಳಿಗೆ ಆ ಪ್ರಶ್ನೆ ಬೇಕೇ ಬೇಕು. ಆದರೆ ಬಾಗಿಲ ಹೊರಗೆ ಬೆಂಚಿನ ಮೇಲೆ ಎರಡೂ ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡು ಕೂತಿದ್ದ ಅತ್ತೆಗೆ, ನೋಡಲು ಬಂದ ನಮ್ಮವರಲ್ಲಿ ಒಬ್ಬರೂ ಒಂದು ಲೋಟ ಚಹಾ ಕುಡಿಸಲಿಲ್ಲ ಎಂದು ಗಂಡ ಆಮೇಲೆ ಹೇಳಿದರು.

ತೊಡೆಯ ಚರ್ಮ ತೆಗೆದು ಕುತ್ತಿಗೆಗೂ ಕೈಗೂ ಹಚ್ಚಿದರು. ಮನೆಗೆ ಕಳಿಸುವಾಗ ಮೈಗೆ ಬಿಗಿಯಾಗಿ ಅಂಟುವ ಒಂದು ಉಡುಪು ಕೊಟ್ಟರು, ಕೈಗೆ ಗ್ಲೌಸು, ಮುಖಕ್ಕೆ ಕಣ್ಣು ಮೂಗು ಬಾಯಿ ಬಿಟ್ಟು ಉಳಿದದ್ದೆಲ್ಲ ಮುಚ್ಚುವ ಮುಸುಕು. ಗಾಯದ ಚರ್ಮ ಉಬ್ಬದಂತೆ ಅದು ಒತ್ತಿ ಹಿಡಿಯುತ್ತದಂತೆ. ಹೈದರಾಬಾದಿನ ಮೇ ತಿಂಗಳಲ್ಲಿ ಅದನ್ನು ಹಾಕಿಕೊಂಡು ಕೂರುವುದು ಹೇಗಿರುತ್ತದೆ ಎಂದು ಕೇಳಬೇಡಿ. ನೋವು ಹೇಗೋ ಕಡಿಮೆಯಾಯಿತು. ಕಡಿಮೆಯಾಗದ್ದು ತುರಿಕೆ. ತುರಿಸುವಂತಿಲ್ಲ, ಮೆತ್ತಗೆ ತಟ್ಟಬೇಕು. ಟೀವಿ ನೋಡುತ್ತಾ ನನ್ನ ಕೆನ್ನೆಯನ್ನು ನಾನೇ ತಟ್ಟಿಕೊಳ್ಳುತ್ತಿದ್ದುದನ್ನು ಕಂಡು ಗಂಡ, “ನಿನಗ ನೀನ ಶಾಬಾಸ್ ಕೊಟ್ಟಕೊಳ್ಳಾಕತ್ತೀಯೇನು” ಎಂದರು. ನಾನು ಚಪ್ಪಲಿ ಎಸೆದೆ. ಎಡಗೈ ಆದ್ದರಿಂದ ಗುರಿ ತಪ್ಪಿತು.

ಹೊರಗೆ ಹೋಗಲು ಹೆದರಿಕೆಯಾಗುತ್ತಿತ್ತು, ಆದರೆ ಹೈದರಾಬಾದು ಈ ವಿಷಯದಲ್ಲಿ ಒಳ್ಳೆಯ ಊರು. ಇಲ್ಲಿ ಸ್ಕೂಟಿ ಓಡಿಸುವ ಹುಡುಗಿಯರೆಲ್ಲ ಬಿಸಿಲಿಗೆ, ಧೂಳಿಗೆ ಮುಖದ ತುಂಬ ಸ್ಕಾರ್ಫು ಸುತ್ತಿ ಎರಡು ಕಣ್ಣಷ್ಟೇ ಬಿಟ್ಟಿರುತ್ತಾರೆ. ಅವರ ನಡುವೆ ನಾನೂ ಒಬ್ಬಳು. ಮಾದಾಪುರದ ಆಫೀಸಿಗೆ ಮತ್ತೆ ಹೋಗತೊಡಗಿದಾಗ ಮೆಟ್ರೊದಲ್ಲಿ ಒಂದು ಸಣ್ಣ ಹುಡುಗಿ ಅಮ್ಮನ ತೊಡೆಯ ಮೇಲೆ ಕೂತು ನನ್ನನ್ನೇ ನೋಡಿ ನೋಡಿ, “ಆಂಟಿ, ಆಪ್ಕಾ ಗಾಡಿ ಖರಾಬ್ ಹೋಗಯಾ ಕ್ಯಾ?” ಎಂದು ಕೇಳಿದಳು. ಸ್ಕಾರ್ಫು ಕಂಡು ನನ್ನ ಸ್ಕೂಟಿ ಕೆಟ್ಟಿದೆ ಅಂದುಕೊಂಡಿದ್ದಳು. ಹೌದು ಎಂದೆ. ರಿಪೇರಿಗೆ ಕೊಟ್ಟಿದ್ದೇನೆ ಎಂದೆ. ಆಕೆಗೆ ಸಮಾಧಾನವಾಯಿತು. ನನಗೂ ಆಯಿತು. ಆಫೀಸಿನಲ್ಲಿ ಮೊದಲ ದಿನ ಎಲ್ಲರೂ ನನ್ನ ಕೀಬೋರ್ಡನ್ನೇ ನೋಡುತ್ತಾ ಮಾತಾಡಿದರು, ಒಂದು ತಿಂಗಳಲ್ಲಿ ಮೊದಲಿನ ಹಾಗೆ ತಮ್ಮ ಕೆಲಸವನ್ನು ನನ್ನ ತಲೆಗೆ ಕಟ್ಟತೊಡಗಿದರು.

ಕಷ್ಟವಾದದ್ದು ನಮ್ಮವರ ನಡುವೆ.

ಕುಷಾಯಿಗೂಡದ ಸುತ್ತಮುತ್ತ ಉತ್ತರ ಕರ್ನಾಟಕದ ಮನೆಗಳು ಸಾಕಷ್ಟಿವೆ. ಹೆಂಗಸರೆಲ್ಲ ಸೇರಿ ಸೋಮವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಭಜನೆ ಮಾಡುತ್ತಾರೆ. ನಾನು ಆಗೊಮ್ಮೆ ಈಗೊಮ್ಮೆ ಹೋಗುವವಳು, ಅತ್ತೆ ಮಾತ್ರ ಒಂದು ವಾರವೂ ತಪ್ಪಿಸಿದವರಲ್ಲ. ತಾಳ ಅವರದೇ. ಅಲ್ಲಿ ಹಾಡಿ, ಅಲ್ಲಿ ಉಪ್ಪಿಟ್ಟು ತಿಂದು, ಅಲ್ಲಿನ ಸುದ್ದಿ ಹೊತ್ತು ಮನೆಗೆ ಬಂದರೆ ಅವರ ಮುಖದ ಕಳೆಯೇ ಬೇರೆ. ಗಂಡ ತೀರಿಕೊಂಡು, ಊರು ಬಿಟ್ಟು, ಮಗನ ಹಿಂದೆ ಭಾಷೆ ತಿಳಿಯದ ಊರಿಗೆ ಬಂದ ಅವರಿಗೆ ಆ ಸೋಮವಾರವೇ ಊರು.

ಕೈಯ ಗಾಯ ಮಾಯ್ದ ಮೇಲೆ ಅವರು ಭಜನೆಗೆ ಹೋದ ಮೊದಲ ಸೋಮವಾರ, ಹೋದ ಸ್ವಲ್ಪ ಹೊತ್ತಿಗೇ ವಾಪಸು ಬಂದರು. ಕಾಲು ನೋವು ಎಂದರು. ಮರುವಾರವೂ ಕಾಲು ನೋವು. ಆಮೇಲೆ ತಾಳವನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿಬಿಟ್ಟರು. ಏನಾಯಿತೆಂದು ನನಗೆ ಹೇಳಿದವಳು ಕಲಬುರಗಿಯ ನನ್ನ ಗೆಳತಿ, ಎರಡು ಗಲ್ಲಿ ಆಚೆ ಇರುವವಳು, ನಾಲಿಗೆಗೆ ಬೀಗ ಇಲ್ಲದವಳು.

“ಬ್ಯಾಂಕಿನಮ್ಮನ ಮನ್ಯಾಗ ಇತ್ತು ಭಜನಿ,” ಎಂದಳು. ಬ್ಯಾಂಕಿನಮ್ಮ ಎಂದರೆ ನಿವೃತ್ತ ಬ್ಯಾಂಕ್ ಮ್ಯಾನೇಜರರ ಹೆಂಡತಿ, ಭಜನೆಗೆ ಯಜಮಾನಿ. “ನಿಮ್ಮ ಅತ್ತಿ ಹೋಗಿ ಆಕಿ ಹೊಸಾ ಸೊಸಿ ಮಗ್ಗಲಕ್ಕ ಕೂತ್ರು. ಬ್ಯಾಂಕಿನಮ್ಮ ಸೊಸಿ ಕೈ ಹಿಡದು ಎಬ್ಬಿಸಿ ಈ ಕಡಿ ಕೂಡಿಸಿಕೊಂಡ್ಲು. ಬಾಯಲೆ ಏನೂ ಅನ್ನಲಿಲ್ಲ. ಎಲ್ಲಾರೂ ಸುಮ್ಮ ಇದ್ರು.”

“ನೀ?”

“ನಾನೂ ಸುಮ್ಮ ಇದ್ದೆ,” ಎಂದಳು. ಸುಳ್ಳು ಹೇಳುವವಳಲ್ಲ. “ನಿಜಾ ಹೇಳ್ಲಿ? ನನಗೂ ಗೊತ್ತಿಲ್ಲ ಅಲ್ಲಾ ಏನಾಗೇತಿ ಅಂತ.”

ಹೀಗಿತ್ತು ನೋಡಿ. ನನ್ನನ್ನು ಎಲ್ಲರೂ ತಲೆಯ ಮೇಲೆ ಹೊತ್ತುಕೊಂಡರು. ಯಾರ ಮನೆಗೆ ಹೋದರೂ ಕುರ್ಚಿ, ಫ್ಯಾನಿನ ಕೆಳಗೆ. ಏಳಲು ಬಿಡುವುದಿಲ್ಲ, ಒಂದು ತಟ್ಟೆ ಎತ್ತಲು ಬಿಡುವುದಿಲ್ಲ. ನಾನು ಏನು ಹೇಳಿದರೂ ಹೌದು ಹೌದು. ಮತ್ತು ಕೈತೊಳೆಯಲು ಹೋದಾಗ ಹಿಂದೆಯೇ ಒಬ್ಬರು ಬಂದು, ಪಿಸುದನಿಯಲ್ಲಿ, “ಈಗರೆ ಹೇಳ್ವಾ, ನಾವು ಅದೀವಿ.” ನನ್ನ ಸಲುವಾಗಿ ಇಷ್ಟು ಮರುಗುವವರು ನನ್ನ ಒಂದೇ ಒಂದು ಮಾತನ್ನು ನಂಬಲು ತಯಾರಿರಲಿಲ್ಲ. ನಾನು ಅತ್ತೆಯನ್ನು ಹೊಗಳಿದಷ್ಟೂ ಅವರ ಕಣ್ಣಲ್ಲಿ ನೀರು ಹೆಚ್ಚಾಗುತ್ತಿತ್ತು.

ನನಗೆ ಆಗ ಬೇಕಾಗಿದ್ದದ್ದು ಒಂದೇ. ಅತ್ತೆ ಟ್ರಂಕಿನಿಂದ ತಾಳ ತೆಗೆಯಬೇಕು. ಸೋಮವಾರ ಸಂಜೆ ಆ ಹೆಂಗಸರ ನಡುವೆ ಹೋಗಿ ಕೂರಬೇಕು, ಅವರನ್ನು ನೋಡಿ ಯಾರೂ ಎದ್ದು ಆಚೆ ಹೋಗಬಾರದು. ನನ್ನ ಮುಖ ಹೇಗಿದ್ದರೂ ಇರಲಿ, ಅದು ಅಭ್ಯಾಸವಾಗುತ್ತದೆ. ನನ್ನನ್ನು ಉಳಿಸಿದವರು ಮನೆಯಲ್ಲಿ ಕಳ್ಳರ ಹಾಗೆ ಕೂರುವುದು ಅಭ್ಯಾಸವಾಗುವಂಥದ್ದಲ್ಲ.

ಉಪಾಯ ಸೂಚಿಸಿದವರು ನನ್ನ ಗಂಡ. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಎಲೆಕ್ಟ್ರಾನಿಕ್ ಬೋರ್ಡು ಜೋಡಿಸಿದ ಮನುಷ್ಯ, ಯಾವ ತಂತಿ ಎಲ್ಲಿ ಕೂಡಿಸಿದರೆ ದೀಪ ಹತ್ತುತ್ತದೆಂದು ಬಲ್ಲವರು. ಹೆಂಗಸರನ್ನೂ ಹಾಗೆಯೇ ಅಂದುಕೊಂಡರು. “ಮಂದಿ ಮುಂದ ಇಬ್ಬರೂ ಪ್ರೀತಿಲೆ ಇರ್ರಿ,” ಎಂದರು. “ಕಣ್ಣಾರೆ ಕಂಡ್ರ ನಂಬತಾರ.”

ನಾವು ಪ್ರೀತಿಯಿಂದ ಇರತೊಡಗಿದೆವು. ನಾವಿಬ್ಬರೂ ಅದರಲ್ಲಿ ಪಳಗಿದವರಲ್ಲ. ಬೆಂಕಿಯ ನಂತರ ಹೇಗೂ ಜಗಳ ನಿಂತಿತ್ತು. ಅವರು ನನ್ನನ್ನು ‘ನಮ್ಮವ್ವಾ’ ಎನ್ನುತ್ತಿದ್ದರು, ನಾನು ಎಲ್ಲದಕ್ಕೂ ‘ಆತ್ರಿ ಅತ್ತಿ’. ಕೊತ್ತಂಬರಿ ದಂಟನ್ನು ಅವರು ಬೇಕಾದ್ದು ಮಾಡಿಕೊಳ್ಳಲಿ ಎಂದು ಬಿಟ್ಟಿದ್ದೆ. ಫ್ಯಾನು ನಾಲ್ಕರ ಮೇಲೆ ತಿರುಗುತ್ತಿತ್ತು. ಒಂದು ವಿಷಯದಲ್ಲಿ ಮಾತ್ರ ಅವರು ಜಗ್ಗಲಿಲ್ಲ. ನಾನು ಒಲೆಯ ಹತ್ತಿರ ಹೋಗುವಂತಿಲ್ಲ. ಗ್ಯಾಸಿನ ಲೈಟರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದರು, ಮಲಗುವಾಗ ದಿಂಬಿನ ಕೆಳಗೆ. ನಾನೂ ವಾದಿಸಲಿಲ್ಲ, ಏಕೆಂದರೆ ನಿಜ ಹೇಳಬೇಕೆಂದರೆ ಉರಿಯ ಸದ್ದು ಕೇಳಿದರೆ ನಾನೇ ಎದ್ದು ಬಾಲ್ಕನಿಗೆ ಹೋಗಿಬಿಡುತ್ತಿದ್ದೆ.

ಎಳ್ಳು ಅಮಾವಾಸ್ಯೆ ಹತ್ತಿರ ಬಂದಾಗ ಊರಿನಿಂದ ಸಜ್ಜೆ, ಎಳ್ಳು, ಹಸಿ ಕಡಲೆಯ ಗಂಟು ಯಾರದೋ ಕೈಯಲ್ಲಿ ರೈಲಿಗೆ ಬಂತು. ತರಲು ನಾನೂ ಅತ್ತೆಯೂ ಕಾಚಿಗೂಡ ಸ್ಟೇಶನ್ನಿಗೆ ಹೋದೆವು. ಕಲಬುರಗಿ, ರಾಯಚೂರಿನ ಕಡೆಯ ಜನ ಪ್ಲಾಟ್‌ಫಾರ್ಮಿನ ತುಂಬ. ನೋಡುವವರಿದ್ದಾರೆಂದು ನಾವು ಪ್ರೀತಿಯನ್ನು ಇನ್ನಷ್ಟು ಏರಿಸಿದೆವು. ಅತ್ತೆ ನನ್ನ ಬ್ಯಾಗು ಕಿತ್ತುಕೊಂಡು ತಾವು ಹೊತ್ತರು, ನನ್ನ ಮುಸುಕು ಸರಿಮಾಡಿದರು, ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿಸಿದರು. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಒಬ್ಬ ಮುದುಕಿ ಎಲ್ಲವನ್ನೂ ನೋಡಿದಳು. ಅತ್ತೆ ಗಂಟು ಹುಡುಕಲು ಅತ್ತ ಹೋದ ಕೂಡಲೇ ನನ್ನ ಮೊಣಕೈ ಹಿಡಿದಳು. “ಭಾಳ ಅಂಜಸ್ಯಾರೇನವಾ? ನಿಮ್ಮ ತವರಮನಿ ಯಾವೂರು?” ಎಂದಳು. ನಮ್ಮ ಪ್ರೀತಿ ಕೆಲಸ ಮಾಡುತ್ತಿಲ್ಲ ಎಂಬುದು ಅಲ್ಲಿ ಖಾತ್ರಿಯಾಯಿತು. ಯಾಕೆ ಎಂಬುದು ಮಾತ್ರ ನನಗೆ ಆಗಲೂ ಹೊಳೆಯಲಿಲ್ಲ.

ಎಳ್ಳು ಅಮಾವಾಸ್ಯೆ ನಮ್ಮ ಕಡೆ ಹೊಲದ ಹಬ್ಬ. ಮನೆಮಂದಿಯೆಲ್ಲ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಬೆಳೆಗೆ ಚರಗ ಚೆಲ್ಲಿ, ಅಂದರೆ ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಭೂಮಿತಾಯಿಗೆ ಎರಚಿ, ಆಮೇಲೆ ಅಲ್ಲೇ ಕೂತು ಉಣ್ಣುವುದು. ಹೈದರಾಬಾದಿನಲ್ಲಿ ಹೊಲ ಎಲ್ಲಿಂದ ತರುವುದು? ಬ್ಯಾಂಕಿನಮ್ಮನವರದು ರಿಂಗ್ ರೋಡಿನ ಆಚೆ ಒಂದು ಪ್ಲಾಟು ಇತ್ತು. ಕಾಯಲು ಇದ್ದ ಯಾದಗಿರಿಯ ಗಂಡಹೆಂಡಿರು ಮನೆ ಏಳುವ ತನಕ ಜಾಗ ಯಾಕೆ ಸುಮ್ಮನಿರಬೇಕೆಂದು ಜೋಳ, ತೊಗರಿ ಹಾಕಿದ್ದರು. ನಾಲ್ಕು ಕಡೆ ಗಡಿಕಲ್ಲು, ಒಂದು ಕಡೆ ಟ್ರಾನ್ಸ್‌ಫಾರ್ಮರು, ನಡುವೆ ಎದೆಮಟ್ಟ ಜೋಳ. ವರ್ಷವೂ ಎಲ್ಲ ಮನೆಯವರೂ ಅಲ್ಲಿಗೇ ಹೋಗುವುದು.

ಅತ್ತೆ ಬರುವುದಿಲ್ಲ ಎಂದರು. ನೀವು ಬರದಿದ್ದರೆ ನಾನೂ ಇಲ್ಲ ಎಂದೆ. ಬಹಳ ಮೆತ್ತಗೆ ಎಂದೆ, ಆಗಿನ ನಮ್ಮ ರೀತಿಯೇ ಅದು. ಕೊನೆಗೆ ಒಪ್ಪಿದರು. ಪ್ರತಿ ಮನೆಗೆ ಒಂದೊಂದು ಅಡುಗೆ ಹಂಚಿಕೆಯಾಗಿತ್ತು, ನಮ್ಮ ಪಾಲಿಗೆ ಭಜ್ಜಿ ಬಂತು. ಸಿಕ್ಕ ಸೊಪ್ಪು, ಹಸಿ ಕಡಲೆ, ಅವರೆ, ತೊಗರಿಕಾಳು, ಬದನೆ, ಗಜ್ಜರಿ, ಹುಣಸೆ, ಎಲ್ಲ ಸೇರಿ ಬೆಂದು, ಕೊನೆಗೆ ಕಡಲೆಹಿಟ್ಟು ಕೂಡಿ ಮುದ್ದೆಯಾಗುವ ಪಲ್ಯ. ಭಜ್ಜಿ ಕೆಟ್ಟರೆ ಹಬ್ಬವೇ ಕೆಟ್ಟಂತೆ.

ಚರಗದ ಅಡುಗೆಗೆ ಒಂದು ಕಟ್ಟಳೆಯುಂಟು. ಭೂಮಿಗೆ ಎಡೆಯಾಗುವ ತನಕ ಯಾರೂ ರುಚಿ ನೋಡುವಂತಿಲ್ಲ. ಉಪ್ಪು ಖಾರ ಎಲ್ಲ ಅಂದಾಜಿನ ಮೇಲೆ. ನಮ್ಮ ಹೆಂಗಸರು ಈ ಅಂದಾಜಿನ ಬಗ್ಗೆ ತುಂಬ ಜಂಬ ಪಡುತ್ತಾರೆ.

ಆ ಬೆಳಗ್ಗೆ ಭಜ್ಜಿಯನ್ನು ಸಣ್ಣ ಉರಿಯ ಮೇಲಿಟ್ಟು ಅತ್ತೆ ಜಳಕಕ್ಕೆ ಹೋದರು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದೆ. ಪಾತ್ರೆ ಕುದಿಯುವ ಗುಳುಗುಳು ಸದ್ದು ಬಿಟ್ಟರೆ ಮನೆಯಲ್ಲಿ ಏನೂ ಇಲ್ಲ. ಅತ್ತೆ ಯಾವಾಗಲೂ ಉಪ್ಪನ್ನು ಕಟ್ಟಕಡೆಗೆ, ಸ್ನಾನ ಮಾಡಿ ಬಂದು ಹಾಕುವವರು, ಅದು ನನಗೆ ಗೊತ್ತಿತ್ತು. ಇದೊಂದನ್ನು ನಾನು ಮಾಡೋಣ ಎನ್ನಿಸಿತು. ಯಾಕೆ ಎನ್ನಿಸಿತೋ. ಎಲ್ಲರ ಕೈಯಿಂದಲೂ ಉಣಿಸಿಕೊಂಡು ಸಾಕಾಗಿತ್ತು. ಒಳಗೆ ಹೋದೆ. ಉರಿ ನೀಲಿಯಾಗಿ, ಸಣ್ಣಗೆ, ತನ್ನ ಪಾಡಿಗೆ ತಾನಿತ್ತು. ನನ್ನ ಮೈಯೆಲ್ಲ ಬೆವರಿತು, ಬೆವರಲು ಬಾರದ ಹೊಸ ಚರ್ಮ ಮಾತ್ರ ಬಿಟ್ಟು. ಎಡಗೈಯಲ್ಲಿ ಉಪ್ಪು ತೆಗೆದುಕೊಂಡು ಹಾಕಿ, ಸೌಟಿನಿಂದ ತಿರುವಿ, ಹೊರಗೆ ಬಂದು ಸೋಫಾದ ಮೇಲೆ ಕೂತೆ. ನಗು ಬರುತ್ತಿತ್ತು. ಅತ್ತೆಗೆ ಹೇಳಲಿಲ್ಲ. ಹೇಳಿದರೆ ಹೆದರುತ್ತಾರೆ ಎಂದುಕೊಂಡೆ.

ಆ ವರ್ಷ ಅವರು, ಮರೆತು ಮಂದಿಯ ಬಾಯಿಗೆ ಬೀಳಬಾರದೆಂದು, ಎಂದೂ ಇಲ್ಲದಂತೆ ಉಪ್ಪನ್ನು ಮೊದಲೇ ಹಾಕಿದ್ದರು. ಮೊದಲಿನ ಕಾಲವಾಗಿದ್ದರೆ ನಾನು ಹಾಲಿನಿಂದಲೇ “ಉಪ್ಪು ಹಾಕೀರೇನ್ರಿ, ಇಲ್ಲಾ ಈ ವರ್ಷನೂ ಮರ್ತೀರೋ” ಎಂದು ಕೂಗುತ್ತಿದ್ದೆ, ಅವರು ಬಚ್ಚಲಿನಿಂದಲೇ ತಿರುಗಿಸಿ ಕೊಡುತ್ತಿದ್ದರು, ಗಲ್ಲಿಗೆಲ್ಲ ಉಪ್ಪಿನ ಸಂಗತಿ ತಿಳಿಯುತ್ತಿತ್ತು. ಈಗ ಕೇಳಿದರೆ ಕುಹಕವಾದೀತೆಂದು ಸುಮ್ಮನಿದ್ದೆ. ಮರ್ಯಾದೆಯಿಂದ ಬಾಳುವುದರಲ್ಲಿ ಇಂಥ ತೊಂದರೆಗಳಿವೆ.

ಪ್ಲಾಟಿನಲ್ಲಿ ಎಂದಿನಂತೆ ನನಗೆ ಕುರ್ಚಿ ಬಂತು, ತಲೆಯ ಮೇಲೆ ಕೊಡೆಯೂ ಬಂತು. ಹೆಂಗಸರು ಜಮಖಾನ ಹಾಸಿ ವೃತ್ತವಾಗಿ ಕೂತರು. ಅತ್ತೆ ಬಂದಾಗ ಯಾರೂ ಸರಿದು ಜಾಗ ಕೊಡಲಿಲ್ಲ. ಅವರು ಅಡುಗೆಯ ಪಾತ್ರೆಗಳ ಹತ್ತಿರ, ಕಾವಲುಗಾರನ ಹೆಂಡತಿಯ ಪಕ್ಕ ಹೋಗಿ ಕೂತರು. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು. ಮಂದಿಯ ನಡುವೆ ಅವರು ಯಾವಾಗಲೂ ಹಾಗೆಯೇ, ಆ ಅಂಗೈಗಳನ್ನು ಯಾರಿಗೂ ತೋರಿಸುತ್ತಿರಲಿಲ್ಲ. ನನ್ನ ಗಂಡ ಮತ್ತು ಉಳಿದ ಗಂಡಸರು ಜೋಳದೊಳಗೆ ನುಗ್ಗಿ ಚರಗ ಚೆಲ್ಲಿದರು. ಚೆಲ್ಲುವಾಗ ಕೂಗುವ ಕೂಗು ಜಿಲ್ಲೆಗೊಂದು ಥರ, ಅದಕ್ಕಾಗಿ ಅವರಲ್ಲಿ ವರ್ಷವೂ ಒಂದು ವಾದ ನಡೆಯುತ್ತದೆ. ಆ ವರ್ಷವೂ ನಡೆಯಿತು.

ಆಮೇಲೆ ಊಟ. ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ನಮ್ಮ ಭಜ್ಜಿ. ಎಲ್ಲರೂ ಮೊದಲ ತುತ್ತು ಬಾಯಿಗಿಟ್ಟರು.

ನಾನೂ ಒಂದು ತುತ್ತು ತಿಂದೆ. ಸಮುದ್ರ ನೋಡದವರಿಗೆ ಸಮುದ್ರ ತೋರಿಸಬಹುದಾಗಿತ್ತು. ಎಲ್ಲರೂ ನನ್ನ ಮುಖ ನೋಡಿ, ನುಂಗಿ, “ಭಾಳ ಛಲೋ ಆಗೇತ್ರಿ” ಎಂದರು. ಒಬ್ಬರಾದ ಮೇಲೆ ಒಬ್ಬರು. ನೀರಿನ ತಂಬಿಗೆ ಕೈಯಿಂದ ಕೈಗೆ ಓಡಾಡಿತು. ಪಾಪ, ಸುಟ್ಟುಕೊಂಡ ಹುಡುಗಿ, ಆಕೆಯ ಮನೆಯ ಭಜ್ಜಿಗೆ ಏನಾದರೂ ಅನ್ನುವುದು ಹೇಗೆ? ಆಗ ಬ್ಯಾಂಕಿನಮ್ಮ ನನ್ನ ಕುರ್ಚಿಯ ಕಡೆ ವಾಲಿ, ಮೆತ್ತಗೆ, ಆದರೆ ಎಲ್ಲರಿಗೂ ಕೇಳುವಷ್ಟು ಮೆತ್ತಗೆ, “ನೀ ಮನಸ್ಸಿಗೆ ಹಚ್ಚಿಕೋಬ್ಯಾಡವಾ. ನೀ ಮಾಡಿದ್ದಲ್ಲಲ್ಲ. ಒಳಗ ಒಂದ ಇಟ್ಟಕೊಂಡು ಮಾಡಿದ್ರ ಅಡಗಿ ಹಿಂಗ ಆಗ್ತೈತಿ” ಎಂದರು.

ಅತ್ತೆ ತುತ್ತು ಕೆಳಗಿಟ್ಟರು. ನೆಲಕ್ಕೆ ಮೊಣಕೈ ಊರಿ ಏಳತೊಡಗಿದರು. “ಕಾಲು ನೋಯಾಕತ್ತಾವು. ನಾ ಗಾಡ್ಯಾಗ ಕೂಡ್ತೀನಿ,” ಎಂದರು.

ಇವರು ಈಗ ಹೋಗಿ ಆ ಗಾಡಿಯಲ್ಲಿ ಕೂತರೆ ಇನ್ನು ಮೇಲೆ ಎಲ್ಲಿಯೂ ಬರುವುದಿಲ್ಲ ಎಂದು ನನಗೆ ಅನ್ನಿಸಿತು. ತಲೆಗೆ ಸಿಟ್ಟು ಏರಿತು. ಯಾರ ಮೇಲೆ ಎಂದು ನೋಡಲು ಪುರುಸೊತ್ತಿರಲಿಲ್ಲ, ಬಾಯಿ ತನಗೆ ಗೊತ್ತಿದ್ದ ಹಳೆಯ ದಾರಿಯಲ್ಲೇ ಹೊರಟಿತು.

“ಎಲ್ಲಿ ಹೊಂಟೀರಿ? ಕೂಡ್ರಿ ಸುಮ್ಮ,” ಎಂದೆ. “ಉಪ್ಪು ನಾನೂ ಹಾಕೀನಿ. ನೀವು ಮೊದಲ ಹಾಕೀರಿ ಅಂತ ನನಗೇನು ಕನಸು ಬಿದ್ದಿತ್ತೇನು? ಹಾಕಿದ ಮ್ಯಾಲೆ ಹೇಳಾಕ ಬಾಯಿ ಇದ್ದಿಲ್ಲ ನಿಮಗ?”

ಅತ್ತೆ ಅರ್ಧ ಎದ್ದವರು ಹಾಗೆಯೇ ನಿಂತರು. ಅವರ ಕುತ್ತಿಗೆ ನಿಧಾನಕ್ಕೆ ನನ್ನ ಕಡೆ ತಿರುಗಿತು. ಆ ತಿರುಗುವ ರೀತಿ ನನಗೆ ಎಷ್ಟು ದಿನದ ಪರಿಚಯ.

“ನೀ ಹಾಕಿದಿ?” ಎಂದರು. “ಒಲಿ ಹಂತ್ಯಾಕ ಹೋಗಿದ್ದಿ?”

“ಹೋಗಿದ್ದೆ. ನನ್ನ ಮನಿ ಒಲಿ. ಹೋದ್ರೇನಾತು?”

“ಏನಾತಂತ ಕೇಳ್ತಾಳ ನೋಡ್ರಿ ಹುಚ್ಚಖೋಡಿ. ಏನಾತಂತ ಕನ್ನಡಿ ನೋಡ್ಕೊ ಹೋಗು.”

ಜಮಖಾನದ ಮೇಲೆ ಯಾರೋ ಉಸಿರು ಎಳೆದುಕೊಂಡರು. ಕನ್ನಡಿ ಎಂಬ ಮಾತನ್ನು ಆ ತನಕ ನನ್ನ ಎದುರು ಯಾರೂ ಎತ್ತಿರಲಿಲ್ಲ.

“ದಿನಾ ನೋಡ್ಕೋತೀನಿ,” ಎಂದೆ. “ನಿಮ್ಮ ಮಾರಿಗಿಂತ ಛಲೋನ ಐತಿ.”

“ಏನ ಉಟ್ಟಿದ್ದಿ? ಸೀರಿ ಉಟ್ಟ ಹೋಗಿದ್ದಿಲ್ಲೋ?”

“ನೈಟಿ. ಹತ್ತೀದು.”

“ಸೆರಗು?”

“ನೈಟಿಗೆ ಎಲ್ಲಿ ಸೆರಗ್ರೀ?”

ಕಲಬುರಗಿಯವಳು ನಕ್ಕುಬಿಟ್ಟಳು. ಅವಳ ಹಿಂದೆ ಇನ್ನಿಬ್ಬರು. ಅತ್ತೆಗೆ ಅದು ಕೇಳಿಸಲೂ ಇಲ್ಲ. ಅವರು ಮಾತು ಏರಿದಾಗ ಕೈ ಕಟ್ಟಿಕೊಂಡು ನಿಲ್ಲುವವರಲ್ಲ, ಎರಡೂ ಕೈ ಸೆರಗಿನಿಂದ ಹೊರಬಂದು ಗಾಳಿಯಲ್ಲಿ ಆಡತೊಡಗಿದ್ದವು.

“ಬಾಯಿಗೇನೂ ಕಮ್ಮಿ ಇಲ್ಲ ನಿಂದು,” ಎಂದು ಕೂಗಿದರು. “ಅವತ್ತ ನೀ ಚೀರಿದ್ದು ಇನ್ನಾ ನನ್ನ ಕಿವ್ಯಾಗ ಐತಿ. ಮಲಗಾಕ ಬಿಡವಲ್ದು. ಮತ್ತೊಮ್ಮೆ ಹೊತ್ತಿಕೊಂಡ್ರ ಹೊಚ್ಚಾಕ ಆ ಕೌದಿನೂ ಇಲ್ಲ. ಬಡಿದು ಆರಸಾಕ ಈ ಕೈನೂ ಇಲ್ಲ. ನಾ ಏನ ಮಾಡ್ಲಿ ಆವಾಗ, ಹೇಳು, ನಿಂತು ನೋಡ್ಲೇನು?”

ಕೈಗಳನ್ನು ಚಾಚಿಯೇ ನಿಂತಿದ್ದರು. ಮುದುಡಿದ ಬೆರಳುಗಳು, ಗೆರೆಗಳೆಲ್ಲ ಅಳಿಸಿ ನುಣ್ಣಗೆ ಹೊಳೆಯುವ ಅಂಗೈ. ಅವರು ಅಳುತ್ತಿದ್ದರು. ನಾನೂ ಅಳುತ್ತಿದ್ದೆ, ಆ ಬಿಗಿ ಮುಸುಕಿನೊಳಗೆ ಕಣ್ಣೀರು ಹರಿಯಲು ದಾರಿಯಿಲ್ಲದೆ ಕೆನ್ನೆಯೆಲ್ಲ ಒದ್ದೆಯಾಯಿತು. ಜೋಳದ ಕಡೆಯಿಂದ ಗಂಡಸರು ಬಂದು ನೋಡಿ, ಇದು ತಮ್ಮ ಕೆಲಸವಲ್ಲವೆಂದು ಮತ್ತೆ ಜೋಳದೊಳಗೆ ಹೋದರು.

ಮೊದಲು ಬಾಯಿ ಬಿಟ್ಟವಳು ನನ್ನ ಗೆಳತಿಯೇ. “ಏನ ಅನ್ರಿ, ತಪ್ಪು ಈಕಿದ,” ಎಂದು ನನ್ನ ಕಡೆ ಬೆರಳು ಮಾಡಿದಳು. “ಹಿರ್ಯಾರು ಒಲಿ ಮ್ಯಾಲೆ ಇಟ್ಟಿದ್ದಕ್ಕ ಕೇಳದ ಉಪ್ಪು ಸುರೂದಂದ್ರೇನು?” ಇನ್ನೊಬ್ಬರು ಹೌದೆಂದರು. ಮತ್ತೊಬ್ಬರು ತಮ್ಮ ಸೊಸೆಯೂ ಹೀಗೆಯೇ ಎಂದರು. ಸೊಸೆಯಂದಿರ ಕಡೆಯಿಂದ ನನಗೊಂದಿಬ್ಬರು ವಕೀಲರು ಎದ್ದರು, ಎಡೆಗೆ ಮೊದಲು ರುಚಿ ನೋಡಬಾರದೆನ್ನುವ ಕಟ್ಟಳೆಯದೇ ತಪ್ಪು ಎಂದರು, ಅವರ ಮೇಲೆ ಅವರ ಅತ್ತೆಯರು ಬಿದ್ದರು. ಇಷ್ಟು ದಿನ ನಾನು ಆಡಿದ್ದಕ್ಕೆಲ್ಲ ತಲೆದೂಗಿದವರು ಈಗ ನನ್ನ ಮಾತು ಮುಗಿಯುವ ಮೊದಲೇ ಬಾಯಿ ಹಾಕುತ್ತಿದ್ದರು. ಕೊಡೆ ಹಿಡಿದವಳು ಅದನ್ನು ಕೆಳಗಿಟ್ಟು ವಾದಕ್ಕೆ ಇಳಿದಿದ್ದಳು. ಹೆದರಿಸಿಟ್ಟ ಸೊಸೆ ಹೀಗೆ ಬಾಯಿ ಮಾಡುವುದಿಲ್ಲ ಎಂಬುದು ಅವರಿಗೆಲ್ಲ ನನಗಿಂತ ಮೊದಲೇ ಹೊಳೆದಿತ್ತು. ಬೈಸಿಕೊಳ್ಳುವುದು ಇಷ್ಟು ಸುಖ ಕೊಡುತ್ತದೆಂದು ನನಗೆ ಗೊತ್ತಿರಲಿಲ್ಲ. ಕುರ್ಚಿಯಿಂದ ಇಳಿದು ಜಮಖಾನದ ಮೇಲೆ ಕೂತೆ. ಯಾರೂ ತಡೆಯಲಿಲ್ಲ.

ಬ್ಯಾಂಕಿನಮ್ಮ ಅತ್ತೆಯ ಅಂಗೈಗಳನ್ನೇ ನೋಡುತ್ತಿದ್ದರು. ಆಮೇಲೆ ತಮ್ಮ ಹೊಸ ಸೊಸೆಯನ್ನು ಆಚೆ ಸರಿಸಿ, ಇಬ್ಬರ ನಡುವೆ ಜಾಗ ಮಾಡಿ, ಜಮಖಾನ ತಟ್ಟಿದರು. “ಅಕ್ಕಾರ, ಇಲ್ಲಿ ಬರ್ರಿ,” ಎಂದರು. ಅತ್ತೆ ಮೂಗು ಒರೆಸಿಕೊಂಡು, ಒಂದು ಗಳಿಗೆ ತಡೆದು, ಬಂದು ಕೂತರು. ಏನಾದರೂ ಒಳ್ಳೆಯದು ಅನ್ನಬೇಕೆಂದು ಬ್ಯಾಂಕಿನಮ್ಮ, “ಆದ್ರೂ ನ್ಯಾಯಾ ನಿಮ್ಮ ಕಡಿ ಐತ್ರಿ. ನಿಮ್ಮ ಸೊಸಿ ಬಾಯಿ ಭಾಳ ಆತು” ಎಂದರು.

“ಆಕಿ ಬಾಯಿಗೆ ಬೆಂಕಿ ತಗಲಿಲ್ಲ ಅಂತ ನಾ ದಿನಾ ದೇವರಿಗೆ ಕೈ ಮುಗೀತೀನಿ,” ಎಂದರು ಅತ್ತೆ. “ಆಕಿಗೆ ಅನ್ನಾಕ ನಾ ಒಬ್ಬಾಕಿ ಸಾಕು. ನೀವ್ಯಾರೂ ಅನಬ್ಯಾಡ್ರಿ.”

ಅಷ್ಟು ಹೇಳಿ ಪಾತ್ರೆಯನ್ನು ಹತ್ತಿರ ಎಳೆದುಕೊಂಡು, ನನ್ನ ತಟ್ಟೆಗೆ ಭಜ್ಜಿಯನ್ನು ಸೌಟಿನ ತುಂಬ ಬಡಿಸಿ ಮುಂದೆ ತಳ್ಳಿದರು.

“ತಿನ್ನು. ಅರ್ಧ ಉಪ್ಪು ನಿಂದೈತಿ.”